ಎಳ್ಳ ಅಮಾವಾಸ್ಯೆ ಮತ್ತು ಊರಿನ ರಜೆ

ಹೊರನಾಡಿನಲ್ಲಿ ನೆಲೆಸಿದ ಕಲಬುರಗಿ ಸೀಮೆಯ ಕುಟುಂಬಗಳು ಊರಿಗೆ ಹೋಗುವುದು ಬಹುಮಟ್ಟಿಗೆ ಏಪ್ರಿಲ್, ಮೇ ತಿಂಗಳ ಶಾಲಾ ರಜೆಯಲ್ಲಿ. ಆ ದಿನಗಳಲ್ಲಿ ಅಲ್ಲಿನ ಉಷ್ಣಾಂಶ 42 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ, ಮಕ್ಕಳು ಕೂಲರಿನ ಎದುರು ಕುಳಿತು ರಜೆ ಕಳೆದು, ಈ ಊರಿನಲ್ಲಿ ನೋಡುವಂಥದ್ದೇನೂ ಇಲ್ಲವೆಂಬ ತೀರ್ಮಾನದೊಂದಿಗೆ ಮರಳುತ್ತಾರೆ. ತಪ್ಪು ಊರಿನದಲ್ಲ, ಹೋಗುವ ಕಾಲದ್ದು. ಬಯಲುಸೀಮೆಯ ಬದುಕು ಮನೆಯಿಂದ ಹೊರಬಂದು ತೆರೆದುಕೊಳ್ಳುವುದು ಚಳಿಗಾಲದಲ್ಲಿ, ಮಾರ್ಗಶಿರದಿಂದ ಹೋಳಿ ಹುಣ್ಣಿಮೆಯವರೆಗೆ. ಮಕ್ಕಳೊಡನೆ ಮಾಡಬಹುದಾದ ತಿರುಗಾಟವೆಲ್ಲವೂ ಆ ಅವಧಿಗೇ ಸೇರಿದ್ದು.

ನಗರದೊಳಗಿನ ತಿರುಗಾಟಕ್ಕೆ ಅಪ್ಪನ ಕೆರೆಯೇ ಮೊದಲ ಮೆಟ್ಟಿಲು. ದಾಸೋಹದಿಂದ, ಎಂದರೆ ಬಂದವರೆಲ್ಲರಿಗೂ ಭೇದವಿಲ್ಲದೆ ಅನ್ನವಿಡುವ ಕಾಯಕದಿಂದ ಹೆಸರಾದ ಶರಣಬಸವೇಶ್ವರರ (1746–1822) ಗುಡಿಯ ಮಗ್ಗುಲಲ್ಲಿರುವ ಈ ಕೆರೆಯ ದಂಡೆಗೆ ಸಂಜೆಯ ಹೊತ್ತು ಅಜ್ಜ ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ಬರುವುದು ರೂಢಿ. ಸಮೀಪದಲ್ಲೇ ಇರುವ ಬಹಮನಿ ಕೋಟೆಯ ಕಂದಕ, ಬುರುಜು, ತೋಪುಗಳು ಓಡಾಡುವ ಮಕ್ಕಳಿಗೆ ಹೇಳಿ ಮಾಡಿಸಿದಂತಿವೆ. ಅಲ್ಲಿನ ಜಾಮಿಯಾ ಮಸೀದಿ (1367) ತೆರೆದ ಅಂಗಳವೇ ಇಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ ಅಪರೂಪದ ಕಟ್ಟಡವೆಂಬುದನ್ನು ಅದರ ಕಮಾನುಗಳ ಕೆಳಗೆ ನಿಂತೇ ತೋರಿಸಬೇಕು. ಇಷ್ಟಕ್ಕೆ ಒಂದು ದಿನ ಸಾಕು.

ಆದರೆ ಕಲಬುರಗಿಯ ನಿಜವಾದ ಬಯಲಾಟ ನಗರದಲ್ಲಿಲ್ಲ, ಎರೆ ಹೊಲದಲ್ಲಿದೆ. ಮಾರ್ಗಶಿರ ಮಾಸದ ಕೊನೆಯ ದಿನ ಬರುವ ಎಳ್ಳ ಅಮಾವಾಸ್ಯೆ, ಜನರ ಬಾಯಲ್ಲಿ ಎಳ್ಳಮಾಸಿ, ಇಡೀ ಕುಟುಂಬ ಮನೆಗೆ ಬೀಗ ಹಾಕಿ ಹೊಲಕ್ಕೆ ಹೊರಡುವ ಹಬ್ಬ. ಹಿಂದೆ ಶೃಂಗರಿಸಿದ ಎತ್ತಿನ ಬಂಡಿಗಳಲ್ಲಿ ಹೋಗುತ್ತಿದ್ದವರು ಈಗ ಟ್ರ್ಯಾಕ್ಟರಿನಲ್ಲೋ ಕಾರಿನಲ್ಲೋ ಹೋಗುತ್ತಾರೆ ಎಂಬುದನ್ನು ಬಿಟ್ಟರೆ ಆಚರಣೆ ಹೆಚ್ಚು ಬದಲಾಗಿಲ್ಲ. ಜೋಳದ ದಂಟಿನ ಗೂಡು ಕಟ್ಟಿ, ಪಾಂಡವರೆಂದು ಐದು ಕಲ್ಲುಗಳನ್ನಿಟ್ಟು ಪೂಜಿಸಿದ ಮೇಲೆ ಚರಗ ಚೆಲ್ಲುತ್ತಾರೆ; ಚರಗವೆಂದರೆ ತಂದ ಅಡುಗೆಯಲ್ಲಿ ಭೂತಾಯಿಯ ಪಾಲನ್ನು ಹೊಲದ ತುಂಬ ಎರಚುವುದು. ಒಬ್ಬರು ಎರಚುತ್ತ ಮುಂದೆ ನಡೆದರೆ ಇನ್ನೊಬ್ಬರು ನೀರು ಚಿಮುಕಿಸುತ್ತ ಹಿಂಬಾಲಿಸುತ್ತಾರೆ, ಮಕ್ಕಳು ಕೂಗುತ್ತ ಜೊತೆಗೆ ಓಡುತ್ತಾರೆ. ಆಮೇಲೆ ಬಿಚ್ಚಿಕೊಳ್ಳುವ ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಅಂಬಲಿ, ಎಲ್ಲಕ್ಕಿಂತ ಮುಖ್ಯವಾಗಿ ಭಜ್ಜಿ ಇರುತ್ತದೆ. ಈ ಭಜ್ಜಿ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿ, ಕಡಲೆ, ಅವರೆ ಕಾಳುಗಳನ್ನೂ ಆ ಹಂಗಾಮಿನ ಸೊಪ್ಪು, ಬದನೆಗಳನ್ನೂ ಒಟ್ಟಿಗೆ ಬೇಯಿಸಿ, ಹುಣಸೆ ಹುಳಿಯೂ ಕಡಲೆ ಹಿಟ್ಟೂ ಸೇರಿಸಿ ಕುದಿಸಿದ ಗಟ್ಟಿ ಪಲ್ಯ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆದು ಉಣ್ಣಿಸುವುದು ಈ ಸೀಮೆಯ ವಾಡಿಕೆಯಾದ್ದರಿಂದ, ಭೂಮಿ ಮಾರಿ ಪಟ್ಟಣ ಸೇರಿದವರೂ ಸಂಕೋಚಪಡಬೇಕಿಲ್ಲ.

ಹಬ್ಬ ಮುಗಿದರೂ ಹೊಲದ ಆಕರ್ಷಣೆ ಮುಗಿಯುವುದಿಲ್ಲ. ಬಿಳಿಜೋಳದ ತೆನೆ ಹಾಲುಗಾಳಾಗಿರುವಾಗ ಅದನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಕಾಳು ಉದುರಿಸಿ ಬೆಲ್ಲದೊಡನೆ ತಿನ್ನುವ ಸೀತನಿ ಇದೇ ದಿನಗಳ ತಿನಿಸು. ಕಾಳಿನ ರುಚಿ ಹಕ್ಕಿಗಳಿಗೂ ಗೊತ್ತು: ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ವಲಸೆ ಬರುವ ಗುಲಾಬಿ ಕಬ್ಬಕ್ಕಿಗಳು ಒಮ್ಮೆಗೇ ನೂರಾರು ಸಂಖ್ಯೆಯಲ್ಲಿ ಜೋಳದ ಮೇಲೆ ಎರಗುತ್ತವೆ, ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸುವ ರೈತನಿಗೆ ಅವು ಕಾಟ, ನೋಡುವ ಮಗುವಿಗೆ ಹಬ್ಬ.

ಬೀದರ್ ದಾರಿಯಲ್ಲಿರುವ ಕಮಲಾಪುರದಲ್ಲಿ ಇನ್ನೊಂದು ಬಗೆಯ ನೆಲ ಕಾಣಸಿಗುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ, ಎಂದರೆ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಕ್ಕೆ ದೊರೆಯುವ ಕಾನೂನಿನ ರಕ್ಷಣೆ ಪಡೆದಿರುವ ಕಮಲಾಪುರದ ಕೆಂಪು ಬಾಳೆ ಬೆಳೆಯುವುದು ಇಲ್ಲಿನ ತಗ್ಗಿನ ತೋಟಗಳಲ್ಲೇ; ಗೊನೆ ಕೈಗೆ ಬರಲು ಸುಮಾರು 18 ತಿಂಗಳು ಹಿಡಿಯುವುದರಿಂದ ಅದರ ಬೆಲೆ ಹೆಚ್ಚು, ಬೆಳೆಗಾರರು ಕಡಿಮೆ. ಮಾಲೀಕರನ್ನು ಕೇಳಿಕೊಂಡು ತೋಟದೊಳಗೆ ಒಂದು ಸುತ್ತು ಹಾಕಿದರೆ ಮಕ್ಕಳಿಗೆ ಬೆಲೆಯ ಕಾರಣ ತಾನಾಗಿಯೇ ತಿಳಿಯುತ್ತದೆ. ಅದೇ ತಾಲ್ಲೂಕಿನ ಬೆಳಕೋಟಾ ಬಳಿಯ ಗಂಡೋರಿ ನಾಲಾ ಜಲಾಶಯದ ದಂಡೆ ಬುತ್ತಿ ಊಟಕ್ಕೆ ಒಳ್ಳೆಯ ಜಾಗವಾದರೂ ಅದು ನೀರಾವರಿಗಾಗಿ ಕಟ್ಟಿದ್ದೇ ಹೊರತು ಈಜಲಿಕ್ಕಲ್ಲ. ಮಕ್ಕಳನ್ನು ನೀರಿಗಿಳಿಸದಿರುವುದೇ ಕ್ಷೇಮ.

2024ರಲ್ಲಿ ಎಳ್ಳ ಅಮಾವಾಸ್ಯೆ ಡಿಸೆಂಬರ್ 30ರಂದು ಬಂದಿತ್ತು. ಕ್ರಿಸ್‌ಮಸ್ ರಜೆಯ ಆಸುಪಾಸಿನಲ್ಲೇ ಅದು ಬರುವ ವರ್ಷಗಳು ಹಲವು. ಆದ್ದರಿಂದ ಹೊರನಾಡಿನ ಕುಟುಂಬಗಳಲ್ಲಿ ನಮ್ಮ ಕೋರಿಕೆ ಇಷ್ಟೇ: ಹೊಸ ಪಂಚಾಂಗ ಕೈಗೆ ಬಂದೊಡನೆ ಆ ದಿನವನ್ನು ಗುರುತು ಹಾಕಿ, ಊರಿನ ಬಂಧುಗಳಿಗೆ ಮುಂಚೆಯೇ ತಿಳಿಸಿ, ರೈಲಿನ ಟಿಕೆಟು ಕಾದಿರಿಸಬೇಕು; ಹೊಲಕ್ಕೆ ಹೋದಾಗ ಬೆಳೆ ತುಳಿಯದೆ, ಒಯ್ದ ಪ್ಲಾಸ್ಟಿಕನ್ನು ತಪ್ಪದೆ ಮರಳಿ ತರಬೇಕು.