ಪ್ರಯೋಗಶಾಲೆಯೋ, ನಕಲುಶಾಲೆಯೋ?

ನಮ್ಮ ಬೀದರ ಜಿಲ್ಲೆಯ ಸುಶಿಕ್ಷಿತ ಕುಟುಂಬಗಳಲ್ಲಿ ಮಕ್ಕಳನ್ನು ಕಂಪ್ಯೂಟರ್ ವಿದ್ಯೆಗೆ ಹಾಕಬೇಕೆಂಬ ಹಂಬಲವು ಇಂದು ಪ್ರಬಲವಾಗಿರುವದು. ಬೀದರ ನಗರದಲ್ಲಿ ಗುರು ನಾನಕ ದೇವ ಇಂಜಿನಿಯರಿಂಗ್ ಕಾಲೇಜು 1980ರಲ್ಲಿಯೂ, ಈಗ ಭೀಮಣ್ಣ ಖಂಡ್ರೆಯವರ ಹೆಸರಿನಲ್ಲಿ ನಡೆಯುವ ಭಾಲ್ಕಿಯ ಇಂಜಿನಿಯರಿಂಗ್ ಕಾಲೇಜು 1982ರಲ್ಲಿಯೂ ಸ್ಥಾಪಿತವಾದವು. ಔರಾದ ತಾಲೂಕಿನ ಹಳ್ಳಿಯ ಮಕ್ಕಳಿಗೂ ಉಚ್ಚ ತಾಂತ್ರಿಕ ಶಿಕ್ಷಣವು ಜಿಲ್ಲೆಯೊಳಗೇ ದೊರೆಯುವಂತಾದುದು ಸಂತೋಷದ ಸಂಗತಿ. ಆದರೆ ವಿದ್ಯೆಯು ಊರಿಗೆ ಬಂದಿತೆಂಬದು ಒಂದು ಮಾತು. ಅದು ವಿದ್ಯಾರ್ಥಿಯ ಕೈಗೆ ಬಂದಿತೇ ಎಂಬದು ಬೇರೊಂದು ಮಾತು. ಈ ಎರಡನೆಯ ಪ್ರಶ್ನೆಯನ್ನು ಕೇಳುವದೇ ಈ ಲೇಖನದ ಉದ್ದೇಶ. ಇಲ್ಲಿ ಹೇಳುವ ದೋಷವು ಯಾವ ಒಂದು ಕಾಲೇಜಿನದೂ ಅಲ್ಲ. ನಾಡಿನ ಉದ್ದಗಲಕ್ಕೂ ಬೇರೂರಿದ ಪದ್ಧತಿಯದು.

ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ವಿದ್ಯೆಗೆ ನೆಟ್‌ವರ್ಕ್ ವಿದ್ಯೆಯೆಂದೂ, ಆ ಜಾಲವನ್ನು ಕಳ್ಳರಿಂದ ಕಾಯುವ ವಿದ್ಯೆಗೆ ಸುರಕ್ಷಾ ವಿದ್ಯೆಯೆಂದೂ ಹೆಸರು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2018ರ ಪಠ್ಯಕ್ರಮದಲ್ಲಿ ಇದಕ್ಕೆ ಪ್ರತ್ಯೇಕ ಪ್ರಯೋಗಶಾಲೆಯನ್ನೇ ವಿಧಿಸಿತ್ತು. ಮೂರು ಕೇಂದ್ರಗಳನ್ನು ಜೋಡಿಸಿ, ದಾರಿಯ ಅಗಲವನ್ನು ಬದಲಿಸುತ್ತ ಎಷ್ಟು ಪ್ಯಾಕೆಟ್‌ಗಳು ಬಿದ್ದುಹೋದವೆಂದು ಎಣಿಸುವದು, ಸಂದೇಶದಲ್ಲಿ ತಪ್ಪು ಹೊಕ್ಕಿತೇ ಎಂದು ಪರೀಕ್ಷಿಸುವದು, ಆರ್.ಎಸ್.ಎ. ಪದ್ಧತಿಯಿಂದ ಅಕ್ಷರಗಳನ್ನು ಗೂಢಲಿಪಿಯಾಗಿಸುವದು ಮುಂತಾದವು ಅದರಲ್ಲಿದ್ದವು. ಪಾಠಗಳು ಉತ್ತಮವೇ. ಆದರೆ ಅವು ಎಷ್ಟೋ ಕಡೆ ನಡೆಯುವ ಬಗೆ ಹೇಗಿದೆ? ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕವು ಕೈಯಿಂದ ಕೈಗೆ ದಾಟಿ ಬರುವದು, ಅದರಲ್ಲಿಯ ಪ್ರೋಗ್ರಾಮನ್ನೂ ಉತ್ತರವನ್ನೂ ವಿದ್ಯಾರ್ಥಿಯು ಅಂದವಾದ ಅಕ್ಷರಗಳಿಂದ ಇಳಿಸಿಕೊಳ್ಳುವನು, ಅಧ್ಯಾಪಕರ ಸಹಿ ಬೀಳುವದು, ಅಂಕಗಳು ದೊರೆಯುವವು. ಯಂತ್ರವು ಏನು ಹೇಳಿತೆಂದು ಯಾರೂ ಕೇಳಿರುವದಿಲ್ಲ.

ಬಾಯಿಪಾಠದ ಅಪವಾದವು ನಮ್ಮ ಸಂಸ್ಕೃತ ಪಾಠಶಾಲೆಗಳ ಮೇಲೆ ಬಹುಕಾಲದಿಂದಲೂ ಇದೆ. ನಾವು ಸೂತ್ರಗಳನ್ನು ಬಾಯಿಪಾಠ ಮಾಡಿದೆವೆಂಬದು ನಿಜ. ಆದರೆ ಸೂತ್ರವನ್ನು ಒಪ್ಪಿಸಿದೊಡನೆ ಗುರುಗಳು ಬಿಡುತ್ತಿರಲಿಲ್ಲ. ಹಿಂದೆಂದೂ ಕಾಣದ ಶಬ್ದವೊಂದನ್ನು ಕೊಟ್ಟು, ಯಾವ ಸೂತ್ರದಿಂದ ಯಾವ ರೂಪವು ಸಿದ್ಧಿಸಿತೆಂದು ಹೆಜ್ಜೆ ಹೆಜ್ಜೆಗೂ ಹೇಳಿಸುತ್ತಿದ್ದರು. ತಪ್ಪಿದಲ್ಲಿ ತಡೆದು ನಿಲ್ಲಿಸುತ್ತಿದ್ದರು. ನಕಲಿನ ಪ್ರಯೋಗದಲ್ಲಿ ಬಾಯಿಪಾಠದ ಶ್ರಮವೂ ಇಲ್ಲ, ರೂಪಸಿದ್ಧಿಯ ಪರೀಕ್ಷೆಯೂ ಇಲ್ಲ. ಹಳೆಯ ಪದ್ಧತಿಯನ್ನು ಹಳಿಯುವ ಹೊಸ ವಿದ್ಯಾವಂತರು ಈ ಮಾತನ್ನು ತುಸು ಯೋಚಿಸಬೇಕು.

ಹಾಗಾದರೆ ನಿಜವಾದ ಪ್ರಯೋಗವು ಯಾವುದು? ವಿದ್ಯಾರ್ಥಿಯು ಕೇಬಲಿನೊಳಗಿನ ಎಂಟು ತಂತಿಗಳನ್ನು ಬಣ್ಣದ ಕ್ರಮದಲ್ಲಿ ಹೊಂದಿಸಿ ತಾನೇ ತುದಿ ಕಟ್ಟಲಿ. ಎರಡು ಯಂತ್ರಗಳಿಗೆ ತಾನೇ ವಿಳಾಸ ಕೊಟ್ಟು, ಒಂದರ ಕೂಗು ಇನ್ನೊಂದಕ್ಕೆ ಮುಟ್ಟಿತೇ ಎಂದು ನೋಡಲಿ. ತರುವಾಯ ಅಧ್ಯಾಪಕರು ಗುಟ್ಟಾಗಿ ಒಂದು ದೋಷವನ್ನಿಡಲಿ: ಒಬ್ಬನಿಗೆ ತಪ್ಪು ವಿಳಾಸ, ಇನ್ನೊಬ್ಬನಿಗೆ ಸಡಿಲ ತಂತಿ, ಮತ್ತೊಬ್ಬನಿಗೆ ಮುಚ್ಚಿದ ಬಾಗಿಲು. ಒಬ್ಬನ ದೋಷವು ಇನ್ನೊಬ್ಬನದಾಗಿರದಿದ್ದರೆ ನಕಲಿಗೆ ಎಡೆಯೆಲ್ಲಿ? ಆ ಮೇಲೆ ವೈರ್‌ಶಾರ್ಕ್ ಎಂಬ ಉಚಿತ ಸಾಧನದಿಂದ ತಂತಿಯಲ್ಲಿ ಹರಿಯುವ ಸಂದೇಶವನ್ನು ಹಿಡಿದು ನೋಡಲಿ. ಮರೆಯಿಲ್ಲದ ಪುಟದಲ್ಲಿ ಬರೆದ ಪಾಸ್‌ವರ್ಡ್ ಅಕ್ಷರ ಅಕ್ಷರವಾಗಿ ಕಣ್ಣೆದುರು ನಿಲ್ಲುವದು. ಗೂಢಲಿಪಿಯಲ್ಲಿ ಕಳುಹಿಸಿದರೆ ಅದೇ ಪಾಸ್‌ವರ್ಡ್ ಅರ್ಥವಾಗದ ಗೊಂದಲವಾಗುವದು. ಇದನ್ನು ಒಮ್ಮೆ ಕಂಡವನು ಆಜನ್ಮ ಮರೆಯಲಾರನು. ಹತ್ತು ಸಲ ನಕಲು ಮಾಡಿದವನಿಗೆ ಪರೀಕ್ಷೆಯ ಮರುದಿನ ನೆನಪಿರುವದಿಲ್ಲ.

ಇಲ್ಲಿ ಕೆಲವು ಹಿರಿಯರು ಆಕ್ಷೇಪಿಸುವರು: “ಇದು ಮಕ್ಕಳಿಗೆ ಕಳ್ಳತನ ಕಲಿಸಿದಂತಾಗಲಿಲ್ಲವೇ?” ಈ ಆಕ್ಷೇಪವು ಗೌರವಾರ್ಹವಾದುದು, ಆದರೆ ನಿಲ್ಲತಕ್ಕದ್ದಲ್ಲ. ಶಾಸ್ತ್ರವಿಚಾರದಲ್ಲಿ ಪೂರ್ವಪಕ್ಷವನ್ನು ಪೂರ್ಣವಾಗಿ ಮಂಡಿಸಲಾರದವನಿಗೆ ಸಿದ್ಧಾಂತವನ್ನು ಹೇಳುವ ಅಧಿಕಾರವಿಲ್ಲ. ಈ ವಿದ್ಯೆಯಲ್ಲಿ ಆಕ್ರಮಣವೇ ಪೂರ್ವಪಕ್ಷ, ರಕ್ಷಣೆಯೇ ಸಿದ್ಧಾಂತ. ಒಂದೇ ಜಾಲದ ಯಂತ್ರಗಳು ಪರಸ್ಪರ ಗುರುತಿಸಿಕೊಳ್ಳುವ ಎ.ಆರ್.ಪಿ. ಎಂಬ ನಿಯಮವು 1982ರಲ್ಲಿ ರೂಪುಗೊಂಡಿತು. “ಈ ವಿಳಾಸವು ಯಾರದು?” ಎಂದು ಯಂತ್ರವು ಕೂಗಿ ಕೇಳುವದು, “ನನ್ನದು” ಎಂದು ಬಂದ ಉತ್ತರವನ್ನು ನಂಬುವದು, ಸಾಕ್ಷಿ ಕೇಳುವ ಏರ್ಪಾಡು ಅದರಲ್ಲಿಲ್ಲ. ಸುಳ್ಳು ಉತ್ತರವನ್ನು ತಾನೇ ಕೊಟ್ಟು, ನೆರೆಯವನ ಸಂದೇಶವು ತನ್ನ ಕಡೆ ತಿರುಗಿದುದನ್ನು ಕಂಡ ವಿದ್ಯಾರ್ಥಿಗೆ ಮಾತ್ರ ಆ ಬಿರುಕನ್ನು ಮುಚ್ಚುವ ಅಗತ್ಯವು ಮನವರಿಕೆಯಾಗುವದು.

ನಮ್ಮ ಬೀದರ ಕೋಟೆಯೇ ಇದಕ್ಕೆ ಸಾಕ್ಷಿ. ಬಂಡೆಯಲ್ಲಿ ಕಡೆದ ಮೂರು ಪದರದ ಕಂದಕವನ್ನು ನೋಡಿ ನಾವು ಹೆಮ್ಮೆಪಡುತ್ತೇವೆ. ಆದರೆ 1657ರಲ್ಲಿ ಔರಂಗಜೇಬನ ಮುತ್ತಿಗೆಯ ಕಾಲಕ್ಕೆ ಒಳಗೆ ಕೂಡಿಟ್ಟಿದ್ದ ಮದ್ದಿಗೆ ಕಿಡಿ ತಾಗಿ, ಕೋಟೆಯ ಅಧಿಪತಿ ಸಿದ್ದಿ ಮರ್ಜಾನನು ಮಾರಣಾಂತಿಕವಾಗಿ ಗಾಯಗೊಂಡನು, ಕೋಟೆಯು ಕೈಬಿಟ್ಟಿತು. ಕಂದಕವನ್ನು ಹೊಗಳುವದು ಸುಲಭ. ಮದ್ದು ಎಲ್ಲಿದೆಯೆಂದು ಶತ್ರುವಿನ ಕಣ್ಣಿನಿಂದ ನೋಡಿಕೊಳ್ಳುವದೇ ರಕ್ಷಕನ ಕೆಲಸ.

ಆದರೆ ಮೇರೆಯೊಂದು ಇರಲೇಬೇಕು. 1988ರ ನವೆಂಬರದಲ್ಲಿ ಅಮೇರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸನು ತಾನು ಬರೆದ ಪ್ರೋಗ್ರಾಮೊಂದನ್ನು ಲೋಕದ ಜಾಲಕ್ಕೇ ಬಿಟ್ಟನು. ಅದು ಎಣಿಕೆ ಮೀರಿ ಹಬ್ಬಿ ಸಹಸ್ರಾರು ಯಂತ್ರಗಳನ್ನು ಕುಂಠಿತಗೊಳಿಸಿತು. ಆತನು ನ್ಯಾಯಾಲಯದಲ್ಲಿ ದೋಷಿಯೆನಿಸಿದನು. ನಮ್ಮ ದೇಶದ 2000ರ ಮಾಹಿತಿ ತಂತ್ರಜ್ಞಾನ ಕಾಯಿದೆಯೂ ಒಡೆಯನ ಅನುಮತಿಯಿಲ್ಲದೆ ಅನ್ಯರ ಕಂಪ್ಯೂಟರನ್ನು ಹೊಗುವದನ್ನು ನಿಷೇಧಿಸುವದು; ಅಪ್ರಾಮಾಣಿಕ ಬುದ್ಧಿಯಿಂದ ಮಾಡಿದರೆ ಮೂರು ವರ್ಷಗಳ ವರೆಗೆ ಸೆರೆಮನೆಯುಂಟು. ಆದಕಾರಣ ಇಂಥ ಪ್ರಯೋಗವು ಹೊರಜಾಲದ ಸಂಪರ್ಕವಿಲ್ಲದ ಕೋಣೆಯಲ್ಲಿ, ಕಾಲೇಜಿನ ಯಂತ್ರಗಳ ಮೇಲೆ, ಗುರುವಿನ ಎದುರಿನಲ್ಲಿಯೇ ನಡೆಯತಕ್ಕದ್ದು. ಗುರುವಿಲ್ಲದ ವಿದ್ಯೆಯನ್ನು ಹುಡುಗರು ಮೊಬೈಲಿನಲ್ಲಿ ಹೇಗೂ ಕಲಿಯುತ್ತಿದ್ದಾರೆ, ಭಯಪಡಬೇಕಾದುದು ಅದಕ್ಕೆ.

ಹಣವಿಲ್ಲವೆಂಬ ನೆವವೂ ನಿಲ್ಲದು. ಕಚೇರಿಗಳು ಬಿಸುಟ ಮೂರು ಹಳೆಯ ಕಂಪ್ಯೂಟರು, ಒಂದು ಸ್ವಿಚ್ಚು, ನಾಲ್ಕು ಗಜ ಕೇಬಲು ಇದ್ದರೆ ಆರಂಭಕ್ಕೆ ಸಾಕು. ಲಿನಕ್ಸಿಗೂ ವೈರ್‌ಶಾರ್ಕಿಗೂ ಬೆಲೆಯಿಲ್ಲ. ಅಮೇರಿಕೆಯ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭವಾದ ಸೀಡ್ ಎಂಬ ಸುರಕ್ಷಾ ಪ್ರಯೋಗಗಳ ಮಾಲೆಯು ಯಾವ ಅಧ್ಯಾಪಕರಿಗಾದರೂ ಉಚಿತವಾಗಿ ದೊರೆಯುವದು. ಕೊರತೆಯಿರುವದು ದುಡ್ಡಿನದಕ್ಕಿಂತ ಮನಸ್ಸಿನದು.

ಇನ್ನೊಂದು ಮಾತು. ಕನ್ನಡ ಅಥವಾ ಮರಾಠಿ ಶಾಲೆಯಿಂದ ಬಂದ ಹುಡುಗಿಯು ನಕಲು ಮಾಡುವದು ಸೋಮಾರಿತನದಿಂದಲೇ ಅಲ್ಲ. ಕಂಡದ್ದನ್ನು ಇಂಗ್ಲೀಷಿನಲ್ಲಿ ಬರೆಯಲಾರದ ಸಂಕೋಚದಿಂದ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧನೆಗೆ ದಾರಿ ತೆರೆಯಿತು. ರೆಕಾರ್ಡ್ ಪುಸ್ತಕದ ಒಂದು ಪುಟವನ್ನಾದರೂ “ನಾನು ಏನು ಮಾಡಿದೆ, ಎಲ್ಲಿ ತಪ್ಪಿತು, ಹೇಗೆ ಸರಿಪಡಿಸಿದೆ” ಎಂದು ತಾಯ್ನುಡಿಯಲ್ಲಿ ಬರೆಯಲು ಬಿಟ್ಟರೆ, ಆ ಪುಟದಲ್ಲಿ ಸತ್ಯವಿರುವದು.

ಇದು ಪಂಡಿತರ ಒಣ ಚರ್ಚೆಯಲ್ಲ. ಔರಾದದ ರೈತನು ತೊಗರಿ ಮಾರಿದ ಹಣವು ಇಂದು ಬ್ಯಾಂಕಿನ ಜಾಲದಲ್ಲಿ ಹರಿದು ಅವನ ಮೊಬೈಲಿನಲ್ಲಿ ಕಾಣುವದು. ಆ ಜಾಲವನ್ನು ಕಾಯಬೇಕಾದವರು ನಮ್ಮ ಮಕ್ಕಳೇ. ಮೋಸ ನಡೆದ ಮೇಲೆ 1930ಕ್ಕೆ ಫೋನು ಮಾಡುವದು ಸರಿ. ನಡೆಯುವ ಮುನ್ನ ತಡೆಯುವ ಕೈಗಳನ್ನು ಯಾರು ತಯಾರಿಸುವರು? ಪಾಲಕರೇ, ಮಗನ ಅಂಕಪಟ್ಟಿಯನ್ನು ನೋಡುವ ಮೊದಲು, “ಈ ವಾರ ಲ್ಯಾಬಿನಲ್ಲಿ ನೀನು ಏನು ಕೆಡಿಸಿದೆ, ಏನು ರಿಪೇರಿ ಮಾಡಿದೆ?” ಎಂದು ಕೇಳಿರಿ. ಉತ್ತರ ಬಾರದಿದ್ದರೆ ಕಾಲೇಜಿಗೆ ಹೋಗಿ ವಿನಯದಿಂದ, ಆದರೆ ಬಿಡದೆ, ಅದೇ ಪ್ರಶ್ನೆಯನ್ನು ಕೇಳಿರಿ.