ಕಂಪ್ಯೂಟರಿಗೂ ಕನ್ನಡ ಓದಲು ಬರಲಿ!

ಕನ್ನಡದ ಯುವಕರೇ, ನಾಮಫಲಕಕ್ಕಾಗಿ ಹೋರಾಡುತ್ತೀರಿ, ಸರಿ. ನಿಮ್ಮ ಮನೆಯ ಕಂಪ್ಯೂಟರಿನೊಳಗೆ ಕನ್ನಡ ಇದೆಯೇ?

ಕಲ್ಲೂರಿನ ನಮ್ಮ ಪ್ರೆಸ್ಸಿನಲ್ಲಿ ವಿಂಡೋಸಿನ ಟಾಸ್ಕ್ ಶೆಡ್ಯೂಲರ್‌ಗೆ ಹೊತ್ತು ಗೊತ್ತುಮಾಡಿದ್ದೇನೆ. ರಾತ್ರಿ 11ಕ್ಕೆ ದಿನದ ಕಡತಗಳ ನಕಲು ತಾನೇ ಇನ್ನೊಂದು ಡಿಸ್ಕಿಗೆ ಹೋಗುತ್ತದೆ. ಆದರೆ ಹಳೆಯ ಲಗ್ನಪತ್ರಿಕೆಗಳಲ್ಲಿ ಒಂದು ಹೆಸರು ಹುಡುಕು ಎಂದರೆ ಯಂತ್ರಕ್ಕೆ ಸಿಗುವುದಿಲ್ಲ! ಅವು ಆಸ್ಕಿ ಫಾಂಟಿನವು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ!

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಜಾಗವಿದೆ. ಪರಿವರ್ತಕ ತಂತ್ರಾಂಶವನ್ನೂ ಅದೇ ಶೆಡ್ಯೂಲರ್‌ಗೆ ಒಪ್ಪಿಸಿ. ಕಂಪ್ಯೂಟರ್ ಆರಿಸದೆ ಮಲಗಿ. ಮೂಲ ಪ್ರತಿ ಅಳಿಸಬೇಡಿ. ಬೆಳಿಗ್ಗೆ ಒತ್ತಕ್ಷರ, ಅರ್ಕಾವತ್ತು ನೋಡಿ ತಿದ್ದಿ.

ಯಂತ್ರ ಓದಲಾರದ ಕನ್ನಡ ಅದಕ್ಕೆ ಕನ್ನಡವೇ ಅಲ್ಲ. ಬೀದಿಯಲ್ಲಿ ಗೆದ್ದು ಮನೆಯಲ್ಲಿ ಸೋಲಬೇಡಿ!