ತಿಳಿಯದವನದೇ ತಪ್ಪೇ?

ಜನಕ್ಕೆ ಪೌರಜ್ಞಾನವಿಲ್ಲ ಎಂಬ ದೂರು ಈಗ ಎಲ್ಲ ವೇದಿಕೆಗಳಿಂದಲೂ ಕೇಳಿಬರುತ್ತಿದೆ. ಪುರಸಭಾ ಸದಸ್ಯನ ಕೆಲಸ ಯಾವುದು, ಶಾಸಕನ ಕೆಲಸ ಯಾವುದು ಎಂಬ ಭೇದವೇ ಮತದಾರನಿಗೆ ಗೊತ್ತಿಲ್ಲವಂತೆ. ಚರಂಡಿ ಕಟ್ಟಿಕೊಂಡರೆ ಅವನು ಲೋಕಸಭಾ ಸದಸ್ಯನನ್ನು ಬೈಯುತ್ತಾನಂತೆ. ದೂರಿನಲ್ಲಿ ಸುಳ್ಳೇನೂ ಇಲ್ಲ. ತಪ್ಪು ಯಾರದೆಂದು ಕೇಳಿದರೆ ಮಾತ್ರ ಉತ್ತರ ಚೆಂಡಿನಂತೆ ಕೈಯಿಂದ ಕೈಗೆ ಹಾರುತ್ತದೆ. ಉಪಾಧ್ಯಾಯರು ತಂದೆತಾಯಿಗಳ ಮೇಲೆ ಹಾಕುತ್ತಾರೆ, ತಂದೆತಾಯಿಗಳು ಮೊಬೈಲಿನ ಮೇಲೆ, ಮಂತ್ರಿ ಮಹಾಶಯರು ಹಿಂದಿನ ಸರ್ಕಾರದ ಮೇಲೆ. ಮೊಬೈಲಿಗೆ ಎದುರುವಾದ ಮಾಡಲು ಬಾರದಾದ್ದರಿಂದ ಕೊನೆಗೆ ಅಪರಾಧಿ ಅದೇ ಎಂದು ತೀರ್ಮಾನವಾಗಿ ಸಭೆ ಮುಗಿಯುತ್ತದೆ.

ಈ ವಿಚಾರಣೆಯನ್ನು ನಾವು ಬೇರೆ ಕಡೆಯಿಂದ ಆರಂಭಿಸೋಣ. ಪೇಟೆಯ ಬಂಧುಗಳಿಗೆ 2025ರ ಜುಲೈ ತಿಂಗಳು ಮರೆತಿರಲಾರದು. ಬೇಕರಿಯವನಿಗೆ, ಬೀಡಾ ಅಂಗಡಿಯವನಿಗೆ, ತರಕಾರಿಯವನಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟೀಸುಗಳು ಬಂದವು. ಯುಪಿಐ ಮೂಲಕ ಖಾತೆಗೆ ಬಂದ ಹಣವನ್ನೆಲ್ಲ ನಾಲ್ಕು ವರ್ಷಗಳಿಂದ ಕೂಡಿಸಿ, ಇಷ್ಟು ಲಕ್ಷ ಕಟ್ಟು ಎಂದು ಕೇಳಿದವು. ಸರಕು ಮಾರುವವನ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ, ಸೇವೆ ಒದಗಿಸುವವನದು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕೆಂಬುದು ಕಾನೂನು. ಒಂದೂವರೆ ಕೋಟಿಯವರೆಗಿನ ಸಣ್ಣ ವ್ಯಾಪಾರಿಗೆ ಶೇಕಡಾ 1ರಂತೆ ಕಟ್ಟಿ ಮುಗಿಸುವ ರಾಜಿ ತೆರಿಗೆಯ ದಾರಿಯೂ ಉಂಟು. ಎಷ್ಟು ಜನಕ್ಕೆ ಇದು ತಿಳಿದಿತ್ತು? ತಿಳಿಯದವರು ಹೆದರಿದರು, ನಗದು ಮಾತ್ರ ಎಂದು ಹಲಗೆ ತೂಗುಹಾಕಿದರು. ಬಂದ್‌ ಮಾಡುತ್ತೇವೆಂಬ ಕೂಗೆದ್ದ ಮೇಲೆ ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನು ಕರೆಸಿ ಮಾತಾಡಿದರು. ಹಾಲು, ಹಣ್ಣು, ತರಕಾರಿಯಂಥ ತೆರಿಗೆಯಿಲ್ಲದ ವಸ್ತು ಮಾರುವವರಿಗೆ ತೊಂದರೆಯಿಲ್ಲವೆಂದರು. ಆಮೇಲೆ ಇಲಾಖೆಯವರು ಜಿಎಸ್‌ಟಿ ಎಂದರೇನೆಂದು ತಿಳಿಸಲು ಸಭೆಗಳನ್ನು ಏರ್ಪಡಿಸಿದರು.

ಕ್ರಮವನ್ನು ಗಮನಿಸಿ. ಮೊದಲು ನೋಟೀಸು, ಆಮೇಲೆ ಪಾಠ. ತೆರಿಗೆ ಜಾರಿಗೆ ಬಂದದ್ದು 2017ರ ಜುಲೈ 1ರಂದು. ಮಧ್ಯೆ ಎಂಟು ವರ್ಷಗಳಿದ್ದವು. ನಮ್ಮ ಖಾತೆಯ ಒಂದೊಂದು ರೂಪಾಯಿಯನ್ನೂ ಓದುವ ವಿದ್ಯೆಯನ್ನು ಸರ್ಕಾರ ಕಲಿತುಕೊಂಡಿತು. ಸರ್ಕಾರದ ಒಂದು ಸುತ್ತೋಲೆಯನ್ನು ಓದುವ ವಿದ್ಯೆಯನ್ನು ನಮಗೆ ಕಲಿಸಲು ಅದಕ್ಕೆ ಬಿಡುವಾಗಲಿಲ್ಲ. ಇದರಲ್ಲಿ ಬೀಡಾ ಅಂಗಡಿಯವನ ತಪ್ಪೆಷ್ಟು?

ಶಾಲೆ ಇದೆಯಲ್ಲ ಎನ್ನಬಹುದು. ನಮ್ಮ ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂದು ಆರು ವಿಷಯಗಳು ಒಂದೇ ಪ್ರಶ್ನೆಪತ್ರಿಕೆಯೊಳಗೆ ಒತ್ತಿಕೊಂಡು ಕುಳಿತಿವೆ. ಹಿಂದೆ ಪೌರನೀತಿ ಎಂದು ಕರೆಯುತ್ತಿದ್ದ ವಿಷಯಕ್ಕೆ ಆ ಮೂಲೆಯಲ್ಲಿ ಸಿಕ್ಕುವಷ್ಟೇ ಜಾಗ. ಹತ್ತನೆಯದು ಮುಗಿಸಿ ವಿಜ್ಞಾನವನ್ನೋ ವಾಣಿಜ್ಯವನ್ನೋ ಹಿಡಿದ ಹುಡುಗ ಹುಡುಗಿಯರು ಅಷ್ಟಕ್ಕೂ ಶರಣು ಹೊಡೆಯುತ್ತಾರೆ. ಹದಿನೈದು ಹದಿನಾರಕ್ಕೆ ಪಾಠ ನಿಲ್ಲುತ್ತದೆ, ಹದಿನೆಂಟಕ್ಕೆ ಮತದ ಚೀಟಿ ಕೈಗೆ ಬರುತ್ತದೆ. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು 1989ರಲ್ಲಿ. ವಯಸ್ಸನ್ನು ಇಳಿಸಿದವರು ಪಾಠವನ್ನು ಅಲ್ಲಿಯತನಕ ಏರಿಸಲಿಲ್ಲ.

ಉಪಾಧ್ಯಾಯರನ್ನು ದೂರುವವರಿಗೆ ಒಂದು ಮಾತು. ಮತದಾರರ ಪಟ್ಟಿ ಹಿಡಿದು ಬಿಸಿಲಿನಲ್ಲಿ ಮನೆಮನೆ ಸುತ್ತುವವರು ಯಾರು? ಮತಗಟ್ಟೆಯಲ್ಲಿ ರಾತ್ರಿ ಮಲಗುವವರು ಯಾರು? 2025ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ನಮ್ಮ ರಾಜ್ಯದ ಶಾಲಾ ಶಿಕ್ಷಕರನ್ನೇ ಕಳುಹಿಸಿ, ಸಮೀಕ್ಷೆ ಮುಗಿಯಲಿಲ್ಲವೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಡವೆಂದು ನಾವು ಹೇಳುವುದಿಲ್ಲ, ಬೇಕೇ ಬೇಕು. ಅದನ್ನು ಮಾಡಲು ಓದಿ ಕೆಲಸವಿಲ್ಲದೆ ಕುಳಿತ ಯುವಕರು ಈ ರಾಜ್ಯದಲ್ಲಿ ಬರಗೆಟ್ಟಿದ್ದರೇ? ಎಷ್ಟೋ ಶಾಲೆಗಳಲ್ಲಿ ಪಾಠ ನಡೆಯುವುದೇ ಅತಿಥಿ ಶಿಕ್ಷಕರಿಂದ. ತಿಂಗಳಿಗೆ ಹತ್ತು ಹನ್ನೆರಡು ಸಾವಿರ ರೂಪಾಯಿ, ಅದೂ ವರ್ಷವಿಡೀ ಅಲ್ಲ. ತನ್ನ ಹಕ್ಕನ್ನೇ ಕೇಳಲಾರದವನ ಬಾಯಿಂದ ಮಕ್ಕಳು ಮೂಲಭೂತ ಹಕ್ಕುಗಳ ಪಾಠ ಕೇಳಬೇಕು! ದೇಶದ ಆದಾಯದ ಶೇಕಡಾ 6 ಭಾಗವನ್ನು ವಿದ್ಯಾಭ್ಯಾಸಕ್ಕೆ ತೆಗೆದಿಡಬೇಕೆಂದು ಕೊಠಾರಿ ಆಯೋಗ ಹೇಳಿ ಆರು ದಶಕಗಳಾಗುತ್ತ ಬಂದವು. ಯಾವ ಪಕ್ಷದ ಸರ್ಕಾರವೂ ಅಲ್ಲಿಗೆ ಮುಟ್ಟಲಿಲ್ಲ.

ಇನ್ನು ಪಠ್ಯಪುಸ್ತಕ. 2022ರಲ್ಲಿ ಒಂದು ಸರ್ಕಾರ ತಿದ್ದಿತು, 2023ರಲ್ಲಿ ಬಂದ ಇನ್ನೊಂದು ಸರ್ಕಾರ ಆ ತಿದ್ದುಪಡಿಯನ್ನು ತಿದ್ದಿತು. ಗ್ರಾಮಸಭೆಯಲ್ಲಿ ಲೆಕ್ಕ ಕೇಳುವುದು ಹೇಗೆಂದು ಮಕ್ಕಳಿಗೆ ಕಲಿಸಲೇಬೇಕೆಂದು ಎರಡು ಕಡೆಯವರಲ್ಲಿ ಒಬ್ಬರಾದರೂ ಪಟ್ಟುಹಿಡಿದದ್ದು ನಮಗೆ ಕಾಣಲಿಲ್ಲ. ದಿಲ್ಲಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ರಾಜ್ಯಶಾಸ್ತ್ರದಲ್ಲಿ ಜನರ ಹೋರಾಟಗಳು ಮತ್ತು ಚಳವಳಿಗಳ ಬಗ್ಗೆ ಒಂದು ಅಧ್ಯಾಯವಿತ್ತು. ಅದರಲ್ಲಿ ನಮ್ಮವರ ಕಥೆಯೊಂದಿತ್ತು. 1984ರಲ್ಲಿ ರಾಜ್ಯ ಸರ್ಕಾರವು ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯನ್ನು ಕಟ್ಟಿ, ಸುಮಾರು 30,000 ಹೆಕ್ಟೇರ್ ಜಮೀನನ್ನು ಹೆಚ್ಚುಕಡಿಮೆ ಪುಕ್ಕಟೆಯಾಗಿ 40 ವರ್ಷಗಳ ಮಟ್ಟಿಗೆ ಅದಕ್ಕೆ ಕೊಟ್ಟಿತು. ಅದರ ಬಹುಭಾಗ ಊರ ದನಗಳು ಮೇಯುತ್ತಿದ್ದ ನೆಲ. ಕಂಪನಿ ಅಲ್ಲಿ ಕಾಗದದ ತಿರುಳಿಗೆಂದು ನೀಲಗಿರಿ ನೆಟ್ಟಿತು. 1987ರಲ್ಲಿ ಈಗಿನ ಹಾವೇರಿ ಜಿಲ್ಲೆಯ ರೈತರು ಗುಂಪಾಗಿ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯೋಗವಾಗುವ ಗಿಡಗಳನ್ನು ಹಚ್ಚಿದರು. ಯಾರ ಮೇಲೂ ಕೈಯೆತ್ತಲಿಲ್ಲ. ಕಿತ್ತಿಕೊ-ಹಚ್ಚಿಕೊ ಎಂದು ಅದಕ್ಕೆ ಹೆಸರು. ದಿಲ್ಲಿಯ ಪುಸ್ತಕದಲ್ಲಿ ಉತ್ತರ ಕರ್ನಾಟಕದ ಒಬ್ಬ ರೈತನಿಗೆ ಇಷ್ಟು ಮರ್ಯಾದೆಯ ಜಾಗ ಸಿಕ್ಕುವುದು ಅಪರೂಪ. ಮಕ್ಕಳ ಹೊರೆ ಇಳಿಸುತ್ತೇವೆಂಬ ನೆಪದಲ್ಲಿ 2022ರಲ್ಲಿ ಆ ಅಧ್ಯಾಯವನ್ನೇ ಕಿತ್ತರು, ಹಚ್ಚಿದ್ದೇನೂ ಇಲ್ಲ. ಪ್ರಜಾಪ್ರಭುತ್ವದ ಮುಂದಿರುವ ಸವಾಲುಗಳು ಎಂಬ ಅಧ್ಯಾಯವೂ ಜೊತೆಯಲ್ಲೇ ಹೋಯಿತು. ಹದಿನೈದು ವರ್ಷದ ಹುಡುಗಿಯ ಬೆನ್ನಿಗೆ ಭಾರವಾದದ್ದು ಇವೇ ಪುಟಗಳು ನೋಡಿ!

ಇಷ್ಟೆಲ್ಲ ಹೇಳಿದರೂ ಮೂಲದ ತಪ್ಪು ಪುಸ್ತಕದಲ್ಲಿಲ್ಲ ಎಂಬುದೇ ನಮ್ಮ ಅಭಿಪ್ರಾಯ. ಈಜನ್ನು ಪುಸ್ತಕದಿಂದ ಕಲಿತವರುಂಟೇ? ಪೌರಜ್ಞಾನವೂ ನೀರಿಗಿಳಿದೇ ಬರಬೇಕಾದ ವಿದ್ಯೆ. ಆ ಬಾವಿಯ ಬಾಯಿಯನ್ನೇ ಆಳುವವರು ಮುಚ್ಚಿದ್ದಾರೆ.

1983ರ ಕಾಯಿದೆಯ ಪ್ರಕಾರ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದಾಗ, ಅಬ್ದುಲ್ ನಜೀರ್ ಸಾಬರ ಆ ವ್ಯವಸ್ಥೆಯನ್ನು ನೋಡಲು ಹೊರ ರಾಜ್ಯಗಳಿಂದ ಜನ ಬರುತ್ತಿದ್ದರು. ನಾಲ್ಕರಲ್ಲಿ ಒಂದು ಸ್ಥಾನ ಹೆಂಗಸರಿಗೆಂದು ಇಟ್ಟಿದ್ದರು. ಹೊಸಿಲು ದಾಟದಿದ್ದ ಹೆಂಗಸರು ನಡಾವಳಿ ಪುಸ್ತಕಕ್ಕೆ ರುಜು ಹಾಕುವ ಮೊದಲು ಏನು ಬರೆದಿದೆ ಓದಿ ಎಂದು ಕೇಳುವುದನ್ನು ಕಲಿತರು. ಅದು ಯಾವ ಕಾಲೇಜಿಗೆ ಕಡಿಮೆ? ಮುಂದೆ 1993ರಲ್ಲಿ ಸಂವಿಧಾನವೇ ತಿದ್ದುಪಡಿಯಾಗಿ, ಐದು ವರ್ಷದ ಅವಧಿ ಮುಗಿಯುವುದರೊಳಗೆ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆಸಲೇಬೇಕೆಂದಾಯಿತು. ಸುಪ್ರೀಂ ಕೋರ್ಟು 2006ರಲ್ಲಿ ಇದನ್ನೇ ಒತ್ತಿ ಹೇಳಿತು.

ಆದದ್ದೇನು? ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ಗುರುತಿಸುವ ಅಧಿಕಾರವನ್ನು ಚುನಾವಣಾ ಆಯೋಗದ ಕೈಯಿಂದ ಕಿತ್ತು ಬೇರೊಂದು ಆಯೋಗಕ್ಕೆ ಕೊಟ್ಟರು. ವಾಯಿದೆಯ ಮೇಲೆ ವಾಯಿದೆ, ನ್ಯಾಯಾಲಯದಲ್ಲಿ ತಾರೀಖಿನ ಮೇಲೆ ತಾರೀಖು, ಹೀಗೆ ವರ್ಷಗಳೇ ಉರುಳಿದವು. ಕುರ್ಚಿಯಲ್ಲಿ ಆಡಳಿತಾಧಿಕಾರಿ ಕುಳಿತ. ಬೆಂಗಳೂರಿನದು ಇದಕ್ಕಿಂತ ಮೇಲು. ಅಲ್ಲಿಯ ಮಹಾನಗರ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ, ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ವಾರ್ಡುಗಳು 198 ಇದ್ದವು, 243 ಎಂದರು, ಮತ್ತೆ 225 ಎಂದರು, ಕೊನೆಗೆ 2025ರಲ್ಲಿ ಪಾಲಿಕೆಯನ್ನೇ ಒಡೆದು ಐದು ಮಾಡಿದರು. ಒಂದು ಪಕ್ಷ ಆರಂಭಿಸಿದ್ದನ್ನು ಇನ್ನೊಂದು ಪಕ್ಷ ಮುಂದುವರಿಸಿತು. ವಿಧಾನಸಭೆಯಲ್ಲಿ ಮೇಜು ಗುದ್ದಿ ಜಗಳವಾಡುವ ಇವರಿಬ್ಬರಿಗೂ ಈ ಒಂದು ವಿಷಯದಲ್ಲಿ ಎಂಥ ಒಮ್ಮತ! ಶಾಸಕನಿಗೆ ಕೆಳಗೊಬ್ಬ ಪ್ರತಿಸ್ಪರ್ಧಿ ಬೆಳೆಯುವುದು ಬೇಕಾಗಿಲ್ಲ, ಅಷ್ಟೇ. ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತು ಮೂರು ದಶಕಗಳ ಮೇಲಾಯಿತು. ವಾರ್ಡಿನ ಸದಸ್ಯನೇ ಇಲ್ಲದ ಊರಿನಲ್ಲಿ ಬೆಳೆದ ಹುಡುಗನಿಗೆ ಅವನ ಕೆಲಸವೇನೆಂದು ತಿಳಿಯಲಿಲ್ಲವೆಂದು ಬೈಯುವುದು ಯಾವ ನ್ಯಾಯ?

ಆಳುವವರ ಮೇಲೆ ಹೊರೆ ಹಾಕಿ ನಮ್ಮ ಕಡೆಯವರನ್ನು ಬಿಟ್ಟುಬಿಡುವುದೂ ಸರಿಯಲ್ಲ. 2023ರ ಫೆಬ್ರವರಿಯಲ್ಲಿ ರಾಜ್ಯದ ಶಾಸನಸಭೆ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿತು. 2025ರ ನವೆಂಬರ್ 21ರಂದು 29 ಕಾರ್ಮಿಕ ಕಾನೂನುಗಳ ಬದಲು ನಾಲ್ಕು ಸಂಹಿತೆಗಳು ಜಾರಿಗೆ ಬಂದವು. ಎಷ್ಟು ಗೇಟುಗಳ ಮುಂದೆ ಇವನ್ನು ಕನ್ನಡದಲ್ಲಿ ಓದಿ ಅರ್ಥ ಹೇಳುವ ಸಭೆಗಳು ನಡೆದವು? ಎಲ್ಲೋ ಕೆಲವು ಕಡೆ ನಡೆದಿರಬಹುದು. ಬಹಳ ಯೂನಿಯನ್ನುಗಳಿಗೆ ಬೋನಸ್ಸಿನ ತಿಂಗಳಲ್ಲಿ ಬರುವ ಎಚ್ಚರ ಮಿಕ್ಕ ಹನ್ನೊಂದು ತಿಂಗಳು ಬರುವುದಿಲ್ಲ. ಪಕ್ಷಗಳ ಅಭ್ಯಾಸವರ್ಗಗಳು ನಿಂತವು, ಬ್ಯಾನರುಗಳು ದೊಡ್ಡವಾದವು. ಚಂದಾ ರಸೀತಿ ಹರಿಯುವವನಿಗೂ ನಾಯಕನ ಹುಟ್ಟುಹಬ್ಬ ಗೊತ್ತು, ಪಕ್ಷದ ಕಾರ್ಯಕ್ರಮ ಗೊತ್ತಿಲ್ಲ. 1951ರ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಾಯಿತೆಂದು ಎದ್ದುನಿಂತ ಗೇಣಿದಾರರಲ್ಲಿ ಬಹುಮಂದಿಗೆ ಅಕ್ಷರ ಬರುತ್ತಿರಲಿಲ್ಲ, ಅಳತೆ ಬರುತ್ತಿತ್ತು. ರಾಜಸ್ಥಾನದ ಬ್ಯಾವರಿನಲ್ಲಿ 1996ರಲ್ಲಿ 40 ದಿನ ಧರಣಿ ಕುಳಿತು ಪಂಚಾಯತಿಯ ಲೆಕ್ಕ ತೋರಿಸಿ ಎಂದವರೂ ಕೂಲಿಕಾರರೇ. ಅವರ ಹಾಜರಿ ಪಟ್ಟಿಯ ಜಗಳದಿಂದಲೇ ಬೆಳೆದು 2005ರಲ್ಲಿ ದೇಶಕ್ಕೆಲ್ಲ ಮಾಹಿತಿ ಹಕ್ಕಿನ ಕಾಯಿದೆ ಬಂತು. ಪಾಠ ಹೇಳಿದವರು ಅವರು, ಕಲಿತವರು ದಿಲ್ಲಿಯ ಪಂಡಿತರು.

ಮಗನ ಟ್ಯೂಷನ್ನಿಗೆ ಸಾವಿರಗಟ್ಟಲೆ ಎಣಿಸಿ ಕೊಡುವ ಅಂಗಡಿಯ ಯಜಮಾನರೂ ಸ್ವಲ್ಪ ಯೋಚಿಸಬೇಕು. ನೀವು ಪುರಸಭೆಗೋ ನಗರಸಭೆಗೋ ಆಸ್ತಿ ತೆರಿಗೆ ಕಟ್ಟಿದ ರಸೀತಿಯನ್ನು ಪೆಟ್ಟಿಗೆಯಿಂದ ತೆಗೆದು ನೋಡಿ. ತೆರಿಗೆಯ ಮೇಲೆ ಆರೋಗ್ಯ ಕರ ಶೇಕಡಾ 15, ಭಿಕ್ಷುಕರ ಕರ ಶೇಕಡಾ 3, ಇವುಗಳ ನಡುವೆ ಗ್ರಂಥಾಲಯ ಕರ ಶೇಕಡಾ 6 ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಪ್ರಕಾರ ಇದನ್ನು ವಸೂಲು ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ಸಾವಿರ ರೂಪಾಯಿ ತೆರಿಗೆ ಕಟ್ಟಿದವನು ಊರ ವಾಚನಾಲಯಕ್ಕೆಂದು 60 ರೂಪಾಯಿ ಕೊಟ್ಟಿರುತ್ತಾನೆ. ಅಂಗಡಿ ಬಾಡಿಗೆಯದಾದರೆ ಆ 60 ಬಾಡಿಗೆಯಲ್ಲೇ ಸೇರಿರುತ್ತದೆ. ಕೊಟ್ಟದ್ದು ಹೋಗಿ ಸೇರುತ್ತದೆಯೇ? ಬೆಂಗಳೂರಿನ ಪಾಲಿಕೆ ಜನರಿಂದ ವಸೂಲು ಮಾಡಿದ ಗ್ರಂಥಾಲಯ ಕರದಲ್ಲಿ ನೂರಾರು ಕೋಟಿಯನ್ನು ಇಲಾಖೆಗೆ ಕೊಡದೆ ಬಾಕಿ ಉಳಿಸಿಕೊಂಡಿತೆಂದು ಪತ್ರಿಕೆಗಳು ಹಲವು ಸಲ ಬರೆದಿವೆ. ಪಾಳಿ ಮುಗಿಸಿ ಬಂದ ಕಾರ್ಮಿಕ ಕುಳಿತು ಪತ್ರಿಕೆ ಓದಬೇಕಾದ ಬೆಂಚಿನ ದುಡ್ಡು ಅದು. ಹಳ್ಳಿಗಳಲ್ಲಿ 2019ರ ನಂತರ ಪಂಚಾಯತಿ ಗ್ರಂಥಾಲಯಗಳಿಗೆ ಸ್ವಲ್ಪ ಜೀವ ಬಂದಿದೆ, ಅರಿವು ಕೇಂದ್ರವೆಂದು ಹೆಸರಿಟ್ಟು ಸುಣ್ಣಬಣ್ಣ ಕಂಡಿವೆ. ಸಂತೋಷ. ಪಟ್ಟಣಗಳ ವಾಚನಾಲಯಗಳ ಬೀಗದ ಕೈ ಯಾರ ಹತ್ತಿರವಿದೆ?

ನಮ್ಮ ಊರಿನಲ್ಲಿ ಹಿಂದಿನ ಐದು ವರ್ಷಗಳಲ್ಲಿ ಎಷ್ಟು ಗ್ರಂಥಾಲಯ ಕರ ವಸೂಲಾಯಿತು, ಅದರಲ್ಲಿ ಎಷ್ಟನ್ನು ಪ್ರಾಧಿಕಾರಕ್ಕೆ ಸಂದಾಯ ಮಾಡಲಾಯಿತು, ಎಷ್ಟು ಬಾಕಿ, ಯಾವ ತಾರೀಖಿನಿಂದ ಬಾಕಿ. ಈ ನಾಲ್ಕು ಪ್ರಶ್ನೆಗಳನ್ನು ಬಿಳಿ ಹಾಳೆಯಲ್ಲಿ ಬರೆದು ಪುರಸಭೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೊಡಿ. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರದಿದ್ದರೆ ತಕರಾರಿಲ್ಲ, ಕನ್ನಡದಲ್ಲೇ ಬರೆಯಬಹುದು. ಶುಲ್ಕ 10 ರೂಪಾಯಿ, ಉತ್ತರ ಕೊಡಲು ಅವರಿಗಿರುವ ಅವಧಿ 30 ದಿನ. ನಾಲ್ಕು ಜನ ಕೂಡಿ ಹೋಗಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಬರಬೇಡಿ. ಬಂದ ಉತ್ತರವನ್ನು ಈ ಪತ್ರಿಕೆಗೆ ಕಳುಹಿಸಿದರೆ, ಹೆಚ್ಚಿರಲಿ ಕಡಿಮೆಯಿರಲಿ, ಅಂಕಿಗಳನ್ನು ಇದ್ದಂತೆಯೇ ಅಚ್ಚು ಹಾಕುತ್ತೇವೆ.